ಕೆಳಗಿನ ಹೆಸರು

ಹತ್ತು ಹೆಂಗಸರ ಹೆಸರು ಬರೆಸಿಕೊಡುವ ತನಕ ಹೆಂಡತಿ, ಕೂಸನ್ನು ಕರೆದುಕೊಂಡು ಹೋಗುವುದಿಲ್ಲ ಎಂದು ಮರಿಲಿಂಗಪ್ಪ ಅತ್ತೆಯ ಮನೆಯ ಕಟ್ಟೆಯ ಮೇಲೆ ಪಟ್ಟು ಹಿಡಿದು ಕೂತ. ಬಾಣಂತನಕ್ಕೆ ಬಂದಿದ್ದ ಲಾಲಮ್ಮನ ಕೂಸಿಗೆ ಐದು ತಿಂಗಳು ತುಂಬಿತ್ತು. ಅವಳ ತಾಯಿ ತಿಮ್ಮವ್ವ ಮಗಳಿಗೆ ಸೀರೆ, ಮೊಮ್ಮಗನಿಗೆ ಬೆಳ್ಳಿ ಉಡದಾರ ತಂದಿಟ್ಟು, ಅಳಿಯನಿಗೆ ಹೋಳಿಗೆ ಉಣ್ಣಿಸಿದ್ದಳು. ಉಂಡು ಕೈ ಒರೆಸಿಕೊಂಡ ಮೇಲೆ ಆತ ಕಿಸೆಯಿಂದ ಒಂದು ಹಾಳೆ ತೆಗೆದಿದ್ದ.

ಆತ ಶಹಾಪುರದ ಒಂದು ಗೊಬ್ಬರದಂಗಡಿಯಲ್ಲಿ ಗುಮಾಸ್ತ. ಹಾಳೆ ಬಂದದ್ದು ಇಮೇಲಿನಲ್ಲಿ. ಗಂಟೆಗೆ ಮೂವತ್ತು ರೂಪಾಯಿ ಕೊಟ್ಟು ಇಂಟರ್ನೆಟ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಹಾಳೆಯ ಹಿಂಬದಿಗೆ ಅದನ್ನೇ ಕನ್ನಡದಲ್ಲಿ ಬರೆದುಕೊಂಡಿದ್ದ. ಅದರಲ್ಲಿ ಐದು ಹೆಸರು. ಮೊದಲ ಹೆಸರಿನವನಿಗೆ ನೂರು ರೂಪಾಯಿ ಮನಿಯಾರ್ಡರ್ ಮಾಡಬೇಕು, ಆ ಹೆಸರನ್ನು ಹೊಡೆದುಹಾಕಿ ಕೆಳಗೆ ನಮ್ಮ ಹೆಸರು ಸೇರಿಸಬೇಕು, ಹತ್ತು ಮಂದಿಗೆ ಕಳಿಸಬೇಕು. ಅವರು ಮತ್ತೆ ಹತ್ತತ್ತು ಮಂದಿಗೆ. ನಮ್ಮ ಹೆಸರು ಮೇಲೇರುವಷ್ಟರಲ್ಲಿ ಮನೆಗೆ ಲಕ್ಷ ಲಕ್ಷ. ಮುಖ ಕಾಣದ ಯಾವನಿಗೋ ಮರಿಲಿಂಗಪ್ಪ ಆಗಲೇ ನೂರು ಕಳಿಸಿ, ಪಟ್ಟಿಯ ಕೆಳಗೆ ತನ್ನ ಹೆಸರು ಸೇರಿಸಿಯಾಗಿತ್ತು. ಈಗ ಹತ್ತು ಮಂದಿ ಬೇಕಿತ್ತು. ಅವರಿಗೆಲ್ಲ ಇಮೇಲ್ ತಾನೇ ಮಾಡಿಕೊಡುತ್ತೇನೆ, ಹೆಸರು ಮತ್ತು ರೊಕ್ಕ ಕೊಟ್ಟರೆ ಸಾಕು ಎಂದ.

ಅತ್ತೆಯ ಹತ್ತಿರ ಸರಿಯಾಗಿ ಹತ್ತು ಹೆಂಗಸರಿದ್ದರು. ದೇವಾಪುರದಲ್ಲಿ ಭತ್ತದ ಸಸಿ ಹಚ್ಚುವ ಗುಂಪಿಗೆ ತಿಮ್ಮವ್ವನೇ ಹಿರಿಯಾಳು. ಆಕೆಗೂ ಕಾಲುವೆಯ ತುದಿಯಲ್ಲಿ ಒಂದು ಎಕರೆ ಇತ್ತು. ನೀರು ಅಲ್ಲಿಯವರೆಗೆ ಬಂದದ್ದೇ ಇಲ್ಲ, ಹಾಗಾಗಿ ಮೇಲಿನವರ ಗದ್ದೆಯಲ್ಲಿ ಬಗ್ಗುತ್ತಿದ್ದಳು. ಆಕೆ ಹೂಂ ಅಂದರೆ ಹತ್ತೂ ಮಂದಿ ಎರಡು ದಿನದ ಕೂಲಿ ನೂರು ರೂಪಾಯಿಯನ್ನು ಸೆರಗಿನಿಂದ ಬಿಚ್ಚಿ ಕೊಡುವವರೇ, ಯಾಕೆಂದು ಕೇಳುವವರಲ್ಲ. ಅಳಿಯನಿಗೆ ಅದು ಗೊತ್ತಿತ್ತು. ತಿಮ್ಮವ್ವನಿಗೆ ಸಿಟ್ಟು ಬಂದದ್ದು ಅದಕ್ಕೇ.

ಓದಿ ಹೇಳು ಎಂದು ಹಾಳೆಯನ್ನು ಮಗಳಿಗೆ ಕೊಟ್ಟಳು. ಹತ್ತನೇ ತರಗತಿ ಓದಿದ್ದ ಲಾಲಮ್ಮ ಒಂದಕ್ಷರ ಬಿಡದೆ ಓದಿದಳು. ಇದು ಮೋಸವಲ್ಲ ಎಂದು ಮೂರು ಕಡೆ ಇತ್ತು. ಇದು ಚೀಟಿ ವ್ಯವಹಾರವಲ್ಲ, ‘ಪರಸ್ಪರ ಸಹಾಯ’ ಎಂದೂ ಇತ್ತು. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ. ಸರಪಳಿ ಕಡಿದವರ ಮನೆಗೆ ಕೇಡು ಎಂಬ ಮಾತು ಕೊನೆಗೆ.

“ಮೊಸರು ಮಾರಾಕಿ ಗಡಿಗಿ ಮ್ಯಾಲ ಇದು ನೀರಲ್ಲ, ಇದು ನೀರಲ್ಲ ಅಂತ ಮೂರು ಸಲ ಬರಸ್ತಾಳೇನ್ರಿ ಅಳಿಯಪ್ಪಾ?” ಎಂದಳು ತಿಮ್ಮವ್ವ.

ಮರಿಲಿಂಗಪ್ಪನ ಮುಖ ಕೆಂಪಾಯಿತು. ಪಟ್ಟಿಯಲ್ಲಿ ಇಂಜಿನಿಯರ್ ಒಬ್ಬರ ಹೆಸರಿದೆ, ಓದಿದವರು ಮಾಡುವ ಕೆಲಸವಿದು ಎಂದ. “ಕೆಳಗಿನ ಹೆಸರು ಮ್ಯಾಲ ಬಂದೇ ಬರತದ ಅತ್ತಿ. ಸ್ವಲ್ಪ ತಡೀಬೇಕು.”

“ತುದಿ ಹೊಲಕ್ಕ ನೀರು ಬಂದೇ ಬರತದ, ತಡೀರಿ ಅಂತ ಒಬ್ಬ ಇಂಜಿನಿಯರ್ ನನಗೂ ಹೇಳಿ ಹೋಗ್ಯಾನ. ಹದಿನಾರು ವರ್ಷ ಆತು.” ತಿಮ್ಮವ್ವ ಬೆರಳು ಮಡಿಚಿದಳು. ತನ್ನ ಹತ್ತು ಮಂದಿಯ ಕೆಳಗೆ ನೂರು, ನೂರರ ಕೆಳಗೆ ಸಾವಿರ. ದೇವಾಪುರದಲ್ಲಿ ಕೂಸುಕುನ್ನಿಯನ್ನೆಲ್ಲ ಎಣಿಸಿದರೂ ಅಷ್ಟರಲ್ಲಿ ಮಂದಿ ಮುಗಿಯುತ್ತಾರೆ. ಆಮೇಲೆ ರೊಕ್ಕ ಕಳಕೊಂಡವರು ಬಂದು ನಿಲ್ಲುವುದು ಪಟ್ಟಿಯ ಮೊದಲ ಹೆಸರಿನವನ ಮುಂದಲ್ಲ, ತನ್ನ ಬಾಗಿಲಿಗೆ.

“ಹಂಗಾದ್ರ ನಿಮ್ಮ ಮಗಳು ಇಲ್ಲೇ ಇರ್ಲಿ,” ಎಂದು ಮರಿಲಿಂಗಪ್ಪ ಎದ್ದು ಚಪ್ಪಲಿ ಮೆಟ್ಟಿದ.

ಗಂಡ ಬಂದು ಬಿಟ್ಟು ಹೋದ ಹೆಣ್ಣನ್ನು ಓಣಿ ಏನೇನು ಅನ್ನುತ್ತದೆಂದು ತಿಮ್ಮವ್ವನಿಗೆ ಗೊತ್ತು. ಆದರೂ ಬಾಗಿಲಿಗೆ ಅಡ್ಡ ನಿಂತು ಹೇಳಿದಳು.

“ಕುಂಡ್ರಿ. ಹೆಸರು ಬರಸ್ತೀನಿ, ಪೆನ್ನು ತಗೀರಿ. ಮೊದಲನೇದು ಲಾಲಮ್ಮ. ಎರಡನೇದು ನಿಮ್ಮವ್ವ. ಮೂರನೇದು ನಿಮ್ಮ ತಂಗಿ. ನಿಮ್ಮ ಓಣ್ಯಾಗ ಒಬ್ಬೊಬ್ಬರು ಹತ್ತತ್ತು ಮನಿ ತಿರುಗಿ ನೂರು ನೂರು ರೂಪಾಯಿ ಕೇಳಲಿ. ನಿಮ್ಮ ಮನಿ ಹೆಣ್ಮಕ್ಕಳು ಮುಗದ ಮ್ಯಾಲ ನನ್ನ ಹೆಣ್ಮಕ್ಕಳ ಹತ್ರ ಬರ್ರಿ.”

ಆತ ಪೆನ್ನು ತೆಗೆದನೇನೋ ಹೌದು. “ಅವರ ಹೆಸರು ಯಾಕ ಇದರಾಗ? ಅವರು ಮನಿ ಮನಿ ತಿರುಗಿದ್ರ ಮಂದಿ ನಮ್ಮ ಮಾರಿಗಿ ಉಗುಳತಾ…” ಎಂದವನು ಅಲ್ಲಿಗೇ ನಿಲ್ಲಿಸಿದ.

ಲಾಲಮ್ಮ ಕೂಸನ್ನು ಭುಜಕ್ಕೆ ಹಾಕಿಕೊಂಡು ಗಂಡನ ಮುಂದೆ ಬಂದು ನಿಂತಳು.

“ಬರೀರಿ,” ಎಂದಳು. “ನನ್ನ ಹೆಸರು ನಿಮ್ಮ ಕೈಯಾರೆ ಬರದ್ರ, ಈಗಿಂದೀಗ ಹೊಂಟು ಬರತೀನಿ.”

ಮರಿಲಿಂಗಪ್ಪ ಪೆನ್ನಿನ ತುದಿಯನ್ನು ತನ್ನ ಹೆಸರಿನ ಕೆಳಗೆ ಊರಿದ. ಶಾಯಿ ಊರಿದಲ್ಲೇ ದುಂಡಗೆ ಹರಡುತ್ತ ಹೋಯಿತು. ಅಕ್ಷರ ಒಂದೂ ಮೂಡಲಿಲ್ಲ.