ಕಾಯುವ ಹೊತ್ತು

"ಇನ್ನೂ ಸ್ವಲ್ಪ ಕಾಯಲಿ ಬಿಡಿ, ಕೈ ಮುಗಿತೀನಿ," ಅಂದಳು ಹೆಂಡತಿ. ರಿಪೇರಿ ಅಂಗಡಿಯ ಕಂಪ್ಯೂಟರಿಗೆ ಕಾಪಿ ಆಗುತ್ತಿದ್ದ ಹಳೇ ಹಾರ್ಡ್ ಡಿಸ್ಕ್ ಕೆಟ್ಟ ಜಾಗದಲ್ಲೇ ಸಿಕ್ಕಿಕೊಂಡು ಕಟಕಟ ಅನ್ನುತ್ತಿತ್ತು.

"ಕಾದಷ್ಟೂ ಅಲ್ಲೇ ಕೆರೀತಿರುತ್ತಮ್ಮ, ಉಳಿದದ್ದೂ ಹಾಳಾಗುತ್ತೆ. ಒಂದೊಂದು ಕಡೆ ಕಾಯೋ ಹೊತ್ತು ಇಳಿಸಿದ್ರೆ ಕೆಟ್ಟದ್ದನ್ನ ದಾಟಿ ಮುಂದೆ ಹೋಗುತ್ತೆ," ಅಂದ ರಿಪೇರಿಯವ.

"ಅದು ಇವರ ದನಿ. ಒಂದಕ್ಷರಾನೂ ಬಿಡಲ್ಲ."

ಗಂಟಲಿನ ಆಪರೇಷನ್‌ನಲ್ಲಿ ಮಾತು ಕಳೆದುಕೊಂಡ ಗಂಡ ಪಕ್ಕದಲ್ಲೇ ಕೂತಿದ್ದ. ಅದಕ್ಕೂ ಮುಂಚೆ ಮಗಳಿಗೆಂದು ಹೇಳಿಟ್ಟ ಕಥೆ ಆ ಡಿಸ್ಕಿನಲ್ಲಿತ್ತು. ಅವನೇ ಕೀಬೋರ್ಡ್ ಎಳೆದುಕೊಂಡು, ಪರದೆ ಮೇಲೆ ಮೊದಲಿದ್ದ ಅಂಕಿ ಅಳಿಸಿ, ಕಾಯುವ ಹೊತ್ತನ್ನು ಒಂದೇ ಸೆಕೆಂಡಿಗೆ ಇಳಿಸಿದ. ಕಟಕಟ ನಿಂತಿತು.

ಸಿಕ್ಕಷ್ಟನ್ನು ರಿಪೇರಿಯವ ಕೇಳಿಸಿದ. "ನರಿ ಬಾವಿಗೆ ಬಗ್ಗಿ ನೋಡಿದ್ರೆ, ಪುಟ್ಟೀ..." ಆಮೇಲೆ ಬರೀ ಮೌನ. ಅವಳು ಗಂಡನ ಕಡೆ ತಿರುಗಿದಳು. ಅವನ ತುಟಿ ಅಲ್ಲಾಡುತ್ತಿತ್ತು. ಅದನ್ನೇ ನೋಡುತ್ತಾ ಅವಳು ಮೆಲ್ಲಗೆ ಹೇಳಿದಳು: "ಒಳಗೆ ಇನ್ನೊಂದು ನರಿ."