ಮೆಟ್ಟಿಲ ಮೇಲಿನ ಬೂದಿ

"ಸಾಯೊ, ಇಲ್ಲಿದ್ದ ಬೂದಿ ಜಾಡಿ ಎಲ್ಲಿ?"

ಅತ್ತೆ ಫುಜಿನೊ ಕೇಳಿದಾಗ ಸಾಯೊ ಆ ಜಾಡಿಯನ್ನು ತೊಳೆದು ಹಿತ್ತಲಲ್ಲಿ ಬೋರಲು ಹಾಕಿ ಆಗಷ್ಟೇ ಒಳಗೆ ಬಂದಿದ್ದಳು. ಮದುವೆಯಾಗಿ ಕ್ಯೋಟೊದ ಈ ಮನೆಗೆ ಬಂದು ಮೂರು ತಿಂಗಳಾಗಿತ್ತು. ಹತ್ತು ಗಂಟೆಗೆ, ಬೂದಿಯಲ್ಲಿ ಹೂತ ಕೆಂಡದ ಮೇಲೆ ಅಗರು ಕಾಯಿಸಿ ಪರಿಮಳ ಸವಿಯುವ ಧೂಪದ ಕೂಟವಿತ್ತು. ಬರುವವರು ಐದು ಜನ, ಎಲ್ಲರೂ ಎಪ್ಪತ್ತು ದಾಟಿದವರು. ಬೆಳಿಗ್ಗೆ ಬಾಗಿಲಾಚೆಯ ಕಲ್ಲುಮೆಟ್ಟಿಲುಗಳ ಮೇಲೆ ಹಿಮ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು.

"ಮೆಟ್ಟಿಲಿಗೆ ಹಾಕಿದೆ, ಅತ್ತೆ. ತುಂಬಾ ಜಾರ್ತಿತ್ತು. ನಮ್ಮೂರಲ್ಲಿ ಒಲೆ ಬೂದಿನ ಹಂಗೇ ಹರಡ್ತೀವಿ."

"ಎಲ್ಲಾನೂ ಹಾಕಿದ್ಯಾ?"

"ಧೂಪದ ಬಟ್ಟಲಲ್ಲಿ ಇದ್ದದ್ದೂ ಸೇರಿಸಿ."

ಫುಜಿನೊ ಬಾಗಿಲು ಸರಿಸಿ ನೋಡಿದರು. ಏಳೂ ಮೆಟ್ಟಿಲುಗಳ ಮೇಲೆ ಹಿಮ ಕರಗಿ ಬೂದುಬಣ್ಣದ ನೀರಾಗಿ, ಪಾಚಿಯ ಸಂದಿಗಳಿಗೆ ಇಳಿಯುತ್ತಿತ್ತು.

"ಅದು ಒಲೆ ಬೂದಿ ಅಲ್ಲ ಕಣೇ. ನಮ್ಮತ್ತೆ ಕೆರೆಯ ಮುಳ್ಳುಕಾಯಿ ಸಿಪ್ಪೆ ಸುಟ್ಟು, ರೇಷ್ಮೆ ಬಟ್ಟೇಲಿ ಸೋಸಿ ಮಾಡಿದ್ದು. ಅರವತ್ತು ವರ್ಷದಿಂದ ಅದರಲ್ಲೇ ಕೆಂಡ ಹೂಳ್ತಿದ್ವಿ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಮ್ಮತ್ತೆ ಒಡವೆ ಬಿಟ್ಟು ಆ ಜಾಡಿ ಎತ್ಕೊಂಡು ಓಡಿದ್ರು."

"ಅಡುಗೆಮನೆ ಬೂದಿ ಜರಡಿ ಹಿಡಿದು ತರ್ಲಾ?"

"ತಾ. ಅಗರಿನ ಬದಲು ಎಲ್ಲರಿಗೂ ಮೀನು ಸುಟ್ಟ ವಾಸನೆ ಕೊಡೋಣ."

ಬೈದಿದ್ದರೂ ಆಗುತ್ತಿತ್ತು. ಅತ್ತೆ ಮತ್ತೆ ಮಾತಾಡದೆ ಚಾಪೆಯ ಮೇಲೆ ಆಸನಗಳನ್ನು ಹಾಸತೊಡಗಿದರು. ತವರಿಗೆ ಹೋಗು ಅನ್ನುವುದನ್ನು ಈ ಮನೆಯವರು ಹೇಗೆ ಹೇಳುತ್ತಾರೋ ಸಾಯೊಗೆ ಗೊತ್ತಿರಲಿಲ್ಲ. ಬಹುಶಃ ಹೀಗೇ, ಏನೂ ಹೇಳದೆ.

ಧೂಪದ ಬಟ್ಟಲನ್ನು ಏಕೆ ಬರಿದು ಮಾಡಿದೆ ಎಂಬುದನ್ನು ಅವಳು ಬಾಯಿಬಿಟ್ಟಿರಲಿಲ್ಲ. ಆ ತಿಳಿಹಸಿರು ಪಿಂಗಾಣಿಯ ಬಟ್ಟಲು ಅವಳ ಸ್ವಂತ ಅಜ್ಜನ ಕೈಯದು. ತವರೂರು ಒಕಾವಾಚಿಯ ಬೆಟ್ಟದ ಹಸಿರು ಕಲ್ಲನ್ನು ಕುಟ್ಟಿ, ಅರೆದು, ಮೂರು ಸಲ ಮೆರುಗು ಬಳಿದು ಸುಟ್ಟಿದ್ದು. ಈ ಸಂಬಂಧ ಕುದುರಿದ್ದೂ ಅದರ ನೆಪದಿಂದಲೇ. ಬೆಳಿಗ್ಗೆ ಯಾರೂ ಏಳುವ ಮುಂಚೆ ಅವಳು ಅದನ್ನು ಬರಿದು ಮಾಡಿದ್ದು ಅಜ್ಜನ ಕೆಲಸವನ್ನು ಒಮ್ಮೆ ಪೂರ್ತಿಯಾಗಿ ನೋಡುವ ಆಸೆಗೆ. ಬಟ್ಟಲಿಗೆ ಕಾಲು ಮೂರಿದ್ದರೂ ಅವು ನೆಲ ಮುಟ್ಟುವುದಿಲ್ಲ. ತಳದ ನಡುವಿನ ಬಳೆಯಂಥ ಅಂಚು ಭಾರ ಹೊರುತ್ತದೆ, ಕಾಲುಗಳು ಕೂದಲೆಳೆಯಷ್ಟು ಮೇಲೆ ತೇಲುತ್ತವೆ. ಅವಳು ಕಾಗದದ ಚೂರೊಂದನ್ನು ಅಡಿಯಲ್ಲಿ ತೂರಿಸಿದಳು. ಅದು ಮೂರು ಕಾಲುಗಳ ಕೆಳಗೂ ಸರಾಗವಾಗಿ ಹಾದುಹೋಯಿತು. ತೊಳೆದ ಬಟ್ಟಲನ್ನು ಕಿಟಕಿಗೆ ಹಿಡಿದಾಗ ಹಿಮದ ಬೆಳಕು ಅದರೊಳಗಿಳಿದು, ಕೆರೆಯ ತಳದಲ್ಲಿ ಯಾರೋ ಕಣ್ಣು ತೆರೆದ ಹಾಗೆ ಕಂಡಿತ್ತು.

ಮೊದಲು ಬಂದವರು ಕುರಾಮೊತೊ. ಊರುಗೋಲನ್ನು ಬಾಗಿಲಿಗೆ ಒರಗಿಸುತ್ತಲೇ ನಕ್ಕರು. "ಏನಮ್ಮಾ ಫುಜಿನೊ, ಈ ವರ್ಷ ನಾನು ಮೆಟ್ಟಿಲ ಮೇಲೆ ಬೀಳೋದನ್ನ ನೋಡೋ ಭಾಗ್ಯ ನಿನಗಿಲ್ಲ!"

ಫುಜಿನೊ ನಗಲಿಲ್ಲ. ಎಲ್ಲರೂ ಕೂತ ಮೇಲೆ ತಲೆಬಾಗಿ ಹೇಳಿದರು: "ನಮ್ಮ ಬೂದಿ ನಿಮ್ಮ ಕಾಲಡಿಗೆ ಹೋಯ್ತು. ಇವತ್ತು ಕೆಂಡ ಇಲ್ಲ, ಅಗರೂ ಇಲ್ಲ. ಬರೀ ಬಟ್ಟಲಿದೆ." ಆಮೇಲೆ ಬಾಗಿಲ ಹತ್ತಿರ ಮುದುರಿ ನಿಂತಿದ್ದ ಸೊಸೆಯ ಕಡೆ ತಿರುಗಿದರು. "ನೀನೂ ಬಾ. ಕೊನೇಲಿ ಕೂತ್ಕೋ."

ಬಟ್ಟಲು ಕೈಯಿಂದ ಕೈಗೆ ಹೊರಟಿತು. ಎಂದಿನಂತೆ ಎಡ ಅಂಗೈಯಲ್ಲಿಟ್ಟು, ಬಲಗೈಯನ್ನು ಮೇಲೆ ಗೂಡಿನಂತೆ ಮುಚ್ಚಿ, ಮೂರು ಉಸಿರು. ಪ್ರತಿ ವರ್ಷ ಈ ಹೊತ್ತಿಗೆ ಕಣ್ಣು ಮುಚ್ಚುತ್ತಿದ್ದವರು ಇವತ್ತು ಮುಚ್ಚಲಿಲ್ಲ. ಕೋಣೆಯಲ್ಲಿ ಉಸಿರಿನ ಸದ್ದು ಬಿಟ್ಟರೆ ಹೊರಗೆ ಹಿಮ ತೊಟ್ಟಿಕ್ಕುವ ಸದ್ದು. ಹಸಿರು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ನಿಧಾನವಾಗಿ ದಾಟುತ್ತಿತ್ತು.

ಕುರಾಮೊತೊ ಬಟ್ಟಲೊಳಗೆ ಇಣುಕಿದವರು ಕಣ್ಣು ಕೀಳಲಿಲ್ಲ. "ಇದೇನಿದು, ಒಳತಳಕ್ಕೂ ಮೆರುಗು ಕೊಟ್ಟಿದಾನಲ್ಲ! ಹೊರಗಿಗಿಂತ ಒಳಗೇ ಚೆನ್ನಾಗಿದೆ. ನಲವತ್ತು ವರ್ಷದಿಂದ ಕೈಯಲ್ಲಿ ಹಿಡೀತಿದೀನಿ, ನನಗೇ ಗೊತ್ತಿರಲಿಲ್ಲ. ಬೂದಿ ತುಂಬೋ ಜಾಗಕ್ಕೆ ಯಾರಾದ್ರೂ ಇಷ್ಟು ಕಷ್ಟ ಪಡ್ತಾರಾ? ಯಾರು ನೋಡ್ತಾರೆ ಅಂತ?"

"ಬೂದಿ ನೋಡ್ತದಲ್ಲ," ಎಂದಳು ಸಾಯೊ. ಎಲ್ಲರೂ ತಿರುಗಿ ನೋಡಿದಾಗ ಕೆನ್ನೆ ಕೆಂಪಾಯಿತು. "ಅಜ್ಜ ಹಂಗಂತಿದ್ರು."

ಫುಜಿನೊ ಬಟ್ಟಲನ್ನು ಇಸಿದುಕೊಂಡು ಒಳಗನ್ನು ಬಹಳ ಹೊತ್ತು ನೋಡಿದರು. ಮೂರು ಉಸಿರಿಗಿಂತ ಹೆಚ್ಚಾಯಿತು. ಆಮೇಲೆ ಎರಡೂ ಕೈಯಿಂದ ಸೊಸೆಯತ್ತ ಚಾಚಿದರು.

ಬೆಳಿಗ್ಗೆ ಬೆರಳು ಮರಗಟ್ಟುವಷ್ಟು ತಣ್ಣಗಿದ್ದ ಬಟ್ಟಲು, ಆರು ಜನರ ಅಂಗೈ ದಾಟಿ ಬಂದು, ಒಂದು ಕಿಡಿಯೂ ಇಲ್ಲದೆ ಬೆಚ್ಚಗಾಗಿತ್ತು. ಸಾಯೊ ಅದನ್ನು ಕೆಳಗಿಡುವುದನ್ನೇ ಮರೆತಳು.

ಅತಿಥಿಗಳು ಹೋದ ಮೇಲೆ ಫುಜಿನೊ ಆಸನಗಳನ್ನು ಒಂದರ ಮೇಲೊಂದು ಪೇರಿಸುತ್ತ, ಅವಳ ಮುಖ ನೋಡದೆ ಹೇಳಿದರು: "ಮುಳ್ಳುಕಾಯಿ ಸಿಗೋದು ಚಳಿಗಾಲಕ್ಕೆ ಮುಂಚೆ. ಸಿಪ್ಪೆ ಸುಡೋದು ಹೇಗೆ ಅಂತ ಆಗ ತೋರಿಸ್ತೀನಿ. ನಿನ್ನ ಸೊಸೆ ಬರೋ ಹೊತ್ತಿಗೆ ಬೂದಿ ಹದಕ್ಕೆ ಬಂದಿರುತ್ತೆ."

ಕೊನೆಯ ಆಸನವನ್ನು ಎಲ್ಲದರ ಮೇಲಿಟ್ಟರು.

"ಅವಳಿಗೆ ಮಾತ್ರ ಮೊದಲ ದಿನವೇ ಹೇಳಿಬಿಡು."