ಡಾಕ್ಟರ ಕಣ್ಣು

ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅತ್ತೆಗೆ ಹೇಳಿದಳು. "ಹುಡುಗನ ಮೈಯಲ್ಲಿ ಕೊಬ್ಬು ಸೇರ್ಕೊಂಡಿದೆಯಂತೆ. ಈ ವಯಸ್ಸಿಗೇ ಬಿಪಿ ಬಂದಿದೆ. ಹೀಗೇ ಬಿಟ್ರೆ ಹೃದಯಕ್ಕೆ ಅಪಾಯ ಅಂದ್ರು ಡಾಕ್ಟ್ರು."

ಹನ್ನೊಂದು ವರ್ಷದ ಮಗ ಮೆಟ್ಟಿಲು ಹತ್ತಿದ್ದಕ್ಕೇ ಸೋಫಾದಲ್ಲಿ ಕುಸಿದು ಏದುಸಿರು ಬಿಡುತ್ತಿದ್ದ.

"ಮೈ ಕೈ ತುಂಬ್ಕೊಂಡಿರೋ ಮಗೂನ ಕಂಡ್ರೆ ಯಾರಿಗೆ ಹೊಟ್ಟೆ ಉರಿಯಲ್ಲ ಹೇಳು?" ಎನ್ನುತ್ತಾ ಅತ್ತೆ ಉಪ್ಪು, ಒಣಮೆಣಸಿನಕಾಯಿ ತಂದು ಮೊಮ್ಮಗನಿಗೆ ನಿವಾಳಿಸಿ ಧೂಪದ ಕೆಂಡಕ್ಕೆ ಹಾಕಿದರು. ಯಾರಿಗೂ ಕೆಮ್ಮು ಬರಲಿಲ್ಲ.

"ನೋಡಿದ್ಯಾ, ಘಾಟೇ ಇಲ್ಲ! ಎಂಥ ಕೆಟ್ಟ ದೃಷ್ಟಿ ಬಿದ್ದಿದೆ!"

ಆಮೇಲೆ ಹುಡುಗನ ಮುಂದೆ ತಟ್ಟೆಯಿಟ್ಟು, ಹೋಳಿಗೆಯ ಮೇಲೆ ತುಪ್ಪ ಸುರಿಯಲು ಹೋದರು. ಅವಳು ಕೈ ಅಡ್ಡ ಹಿಡಿದಳು.

"ಬೇಡ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಆ ಡಾಕ್ಟ್ರು ಹೇಳಿದ್ದು ಸುಳ್ಳಾಗಲ್ಲ."

"ಸುಳ್ಳಾಗಲ್ಲ ಅಂತ ನನಗೆ ಗೊತ್ತಿಲ್ವೇನೇ?" ಅತ್ತೆ ಅವಳ ಕೈ ಸರಿಸಿ, ಗೋಡೆಯ ಮೇಲೆ ಹಾರ ಹಾಕಿದ್ದ ಫೋಟೊದತ್ತ ನೋಡಿದರು. "ನಿನ್ನ ಗಂಡನಿಗೂ ಆ ಪಾಪೀನೇ ಇದೇ ಮಾತು ಆಡಿದ್ದು. ವರ್ಷ ತುಂಬೋದ್ರೊಳಗೆ ನನ್ನ ಮಗನ ಎದೆ ನಿಲ್ಲಿಸಿಬಿಟ್ಟ."